ಹೊಸ ಕಾರ್ಡು, ಹಳೆಯ ಗಣಕಯಂತ್ರ



ಗಣಕಯಂತ್ರಕ್ಕೆ ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿದ ಮೇಲೆ ಆಟಗಳು ಮೊದಲಿಗಿಂತ ಸರಾಗವಾಗಿ ಓಡಬೇಕೆಂಬುದು ಎಲ್ಲರ ನಿರೀಕ್ಷೆ. ಹಾಗಾಗದೇ ಹೋದಾಗ ಬಾಯಿಗೆ ಮೊದಲು ಬರುವ ಮಾತು "ಮೋಸವಾಯಿತು" ಎಂಬುದು. ಆ ಮಾತನ್ನಾಡುವ ಮುನ್ನ ಪರೀಕ್ಷಿಸಿ ನೋಡಬೇಕಾದದ್ದು ಬಹಳಷ್ಟಿದೆ. ಈ ಬೇಸಿಗೆಯಲ್ಲಿ ಅಂದೋಲಾದ ನಮ್ಮ ಮನೆಯಲ್ಲಿಯೇ ನಡೆದ ಪ್ರಸಂಗವೊಂದನ್ನು ಅದಕ್ಕಾಗಿ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ತಮ್ಮನ ಮೊಮ್ಮಗ ಕಲಬುರಗಿಯಲ್ಲಿ ಬಿ.ಸಿ.ಎ. ಓದುತ್ತಿದ್ದಾನೆ. ತೊಗರಿ ಮಾರಿದ ಹಣದಲ್ಲಿ ತಂದೆ ಕೊಟ್ಟ 22,000 ರೂಪಾಯಿಗಳಿಂದ ಹೊಸ ಕಾರ್ಡ್ ಕೊಂಡು, ರಜೆಗೆ ಊರಿಗೆ ಬಂದಾಗ ಮನೆಯ ಹಳೆಯ ಕಂಪ್ಯೂಟರಿಗೆ ಕೂರಿಸಿದ. ಹತ್ತು ನಿಮಿಷ ಚೆನ್ನಾಗಿ ಓಡಿದ ಆಟವು ಆಮೇಲೆ ತಡವರಿಸತೊಡಗಿತು.

"ಮುತ್ಯಾ, ಇದಕ್ಕಿಂತ ಹಳೀ ಕಾರ್ಡೇ ಚಲೋ ಇತ್ತು. ಅಂಗಡಿಯವ ಬಳಸಿದ ಮಾಲು ಹೊಸಾ ಡಬ್ಬಿದಾಗ ಹಾಕಿ ಕೊಟ್ಟಾನ" ಎಂದ ಹುಡುಗ. ಅವನ ತಂದೆ ಕೆರಳಿದ. "ನಾಳೆನೇ ಕಲಬುರಗಿಗೆ ಹೋಗಿ ಅವನ್ನ ಕೇಳೇ ಬರ್ತೀನಿ ಕಾಕಾ" ಎಂದು ನನ್ನ ಮುಂದೆ ಬಂದು ನಿಂತ.

ಒಕ್ಕಲುತನದ ಮನೆಯಲ್ಲಿ 22,000 ರೂಪಾಯಿ ಸಣ್ಣ ಮೊತ್ತವಲ್ಲ. ಅವನ ಸಿಟ್ಟು ಸಹಜವೇ. ಆದರೆ ಅಂಗಡಿಯವನ ಬದುಕು ನಿಂತಿರುವುದೂ ಅವನ ಹೆಸರಿನ ಮೇಲೆ. ನಾಲ್ಕು ಗಿರಾಕಿಗಳ ಎದುರು ಒಬ್ಬನನ್ನು ಕಳ್ಳನೆಂದು ಕರೆದ ಮೇಲೆ ಆ ಮಾತನ್ನು ಹಿಂದಕ್ಕೆ ಪಡೆಯಲಾಗದು. "ಎರಡು ದಿನ ತಡಿ, ಮೊದಲ ನೋಡೂಣು" ಎಂದೆ. ಯಂತ್ರದ ಭಾಗಗಳ ಹೆಸರುಗಳನ್ನು ಹುಡುಗ ಬಲ್ಲ. ಪರೀಕ್ಷಿಸುವ ಕ್ರಮವನ್ನು ನಾನು ಬಲ್ಲೆ. ಇಬ್ಬರೂ ಒಂದು ನೋಟುಪುಸ್ತಕ ಹಿಡಿದು ಕುಳಿತೆವು.

ಮೊದಲು ಈ ಯಂತ್ರದಲ್ಲಿ ಯಾರ ಕೆಲಸ ಯಾವುದೆಂದು ತಿಳಿದುಕೊಳ್ಳೋಣ. ಆಟದಲ್ಲಿ ಯಾವ ವಾಹನ ಎಲ್ಲಿದೆ, ಯಾವ ಮನುಷ್ಯ ಯಾವ ಕಡೆಗೆ ನಡೆಯಬೇಕು ಎಂಬ ಲೆಕ್ಕ ಪ್ರೊಸೆಸರಿನದು. ಆ ಲೆಕ್ಕವನ್ನು ಚಿತ್ರವಾಗಿ ಬರೆಯುವುದು ಗ್ರಾಫಿಕ್ಸ್ ಕಾರ್ಡಿನ ಕೆಲಸ. 1999ರಲ್ಲಿ ಎನ್‌ವಿಡಿಯಾ ಕಂಪನಿಯು ಜಿಫೋರ್ಸ್ 256 ಎಂಬ ಕಾರ್ಡನ್ನು ತಂದಾಗ ಅದನ್ನು 'ಜಿಪಿಯು' ಎಂದು ಕರೆಯಿತು. ಆ ಹೆಸರು ಜನಬಳಕೆಗೆ ಬಂದದ್ದು ಅಲ್ಲಿಂದ. ಇಂದಿನ ಸಾಮಾನ್ಯ ಪರದೆಯಲ್ಲಿ 1920 ಅಡ್ಡ ಮತ್ತು 1080 ಉದ್ದದ ಸಾಲುಗಳಂತೆ 20,73,600 ಚುಕ್ಕೆಗಳಿರುತ್ತವೆ. ಸೆಕೆಂಡಿಗೆ 60 ಚಿತ್ರಗಳಾದರೆ 12 ಕೋಟಿ 44 ಲಕ್ಷಕ್ಕೂ ಮಿಕ್ಕಿ ಚುಕ್ಕೆಗಳಿಗೆ ಬಣ್ಣ ತುಂಬಬೇಕು! ಆದರೆ ಪ್ರೊಸೆಸರ್ ಲೆಕ್ಕ ಒಪ್ಪಿಸದ ಹೊರತು ಕಾರ್ಡು ಬಣ್ಣ ಹಾಕುವುದಾದರೂ ಯಾವುದಕ್ಕೆ? ಜೋಡೆತ್ತಿನಲ್ಲಿ ಒಂದು ಕುಂಟಿದರೆ ಕುಂಟುವ ಎತ್ತಿನ ನಡಿಗೆಯೇ ಬಂಡಿಯ ನಡಿಗೆ.

ಹೆಸರುಕಾಳು ಮೊಳೆಯಲು ಏನೇನು ಬೇಕೆಂದು ತರಗತಿಯಲ್ಲಿ ಪ್ರಯೋಗ ಮಾಡಿದ್ದು ನಿಮಗೆ ನೆನಪಿರಬಹುದು. ಒಂದು ಬಟ್ಟಲಿಗೆ ನೀರಿಲ್ಲ, ಇನ್ನೊಂದಕ್ಕೆ ಗಾಳಿಯಿಲ್ಲ, ಉಳಿದದ್ದೆಲ್ಲ ಸಮ. ಒಂದು ಸಲಕ್ಕೆ ಒಂದೇ ಬದಲಾವಣೆ ಎಂಬ ಆ ನಿಯಮವನ್ನೇ ಇಲ್ಲಿಯೂ ಪಾಲಿಸಿದೆವು. ಆಟದ ಅದೇ ಬೀದಿಯಲ್ಲಿ ಹದಿನೈದು ನಿಮಿಷ ಆಡುವುದು, ಸೆಕೆಂಡಿಗೆ ಎಷ್ಟು ಚಿತ್ರ ಬಂತೆಂದು ಬರೆದಿಡುವುದು. ಮೊದಲ ಬರಹ: ಆರಂಭದಲ್ಲಿ 58, ಕೊನೆಯಲ್ಲಿ 31.

ಪರದೆಯ ಕೇಬಲನ್ನು ಕಾರ್ಡಿಗೆ ಸಿಕ್ಕಿಸದೆ ಮದರ್‌ಬೋರ್ಡಿಗೇ ಸಿಕ್ಕಿಸಿ ಕಂಗೆಡುವವರು ಬಹಳ ಮಂದಿ. ನಮ್ಮದು ಸರಿಯಾಗಿತ್ತು. ಮದರ್‌ಬೋರ್ಡಿನ ಸ್ಲಾಟಿನಿಂದ ಕಾರ್ಡಿಗೆ ಸಿಗುವುದು ಹೆಚ್ಚೆಂದರೆ 75 ವ್ಯಾಟ್. ಹೊಸ ಕಾರ್ಡಿಗೆ ಸುಮಾರು 130 ವ್ಯಾಟ್ ಬೇಕು. ಆದ್ದರಿಂದ ಎಸ್‌ಎಂಪಿಎಸ್‌ನಿಂದ ಎಂಟು ಪಿನ್ನಿನ ತಂತಿಯೂ ಬರಬೇಕು, ಅದೂ ಇತ್ತು. ಹಳೆಯ ಕಾರ್ಡು ಬೇರೆ ಕಂಪನಿಯದಾದ್ದರಿಂದ ಅದರ ಡ್ರೈವರನ್ನು ಸೇಫ್ ಮೋಡಿನಲ್ಲಿ ಪೂರ್ತಿ ತೆಗೆದು ಹೊಸದನ್ನು ಹಾಕಿಸಿದೆ. ಕೊನೆಯ ಅಂಕಿ 31 ಇದ್ದದ್ದು 33 ಆಯಿತು, ಅಷ್ಟೇ.

ಬಳಿಕ ಚಿತ್ರದ ಅಳತೆಯನ್ನು 1280ಕ್ಕೆ 720 ಚುಕ್ಕೆಗಳಿಗೆ ಇಳಿಸಲು ಹೇಳಿದೆ. ಕಾರ್ಡಿನ ಹೊರೆ ಅರ್ಧಕ್ಕಿಂತ ಹೆಚ್ಚು ಇಳಿದಂತಾಯಿತು. ಕಾರ್ಡೇ ಸೋಲುತ್ತಿದ್ದರೆ ಅಂಕಿ ಜಿಗಿಯಬೇಕಿತ್ತು. ಹದಿನೈದು ನಿಮಿಷದ ಕೊನೆಗೆ ಅದು 33ರಲ್ಲಿಯೇ ಇತ್ತು! ಟಾಸ್ಕ್ ಮ್ಯಾನೇಜರಿನಲ್ಲಿ ನೋಡಿದರೆ ಕಾರ್ಡು ಶೇಕಡಾ 45ರಷ್ಟು ಮಾತ್ರ ದುಡಿಯುತ್ತಿತ್ತು. ಉಳಿದ ಹೊತ್ತು ಪ್ರೊಸೆಸರಿನ ದಾರಿ ಕಾಯುತ್ತಿತ್ತು. ಆ ಪ್ರೊಸೆಸರಿನ ಉಷ್ಣತೆ 96 ಡಿಗ್ರಿ. ಅಷ್ಟು ಕಾದಾಗ ಪ್ರೊಸೆಸರ್ ತನ್ನನ್ನು ತಾನು ಉಳಿಸಿಕೊಳ್ಳಲು ವೇಗವನ್ನು ಇಳಿಸಿಕೊಳ್ಳುತ್ತದೆ.

ಪೆಟ್ಟಿಗೆಯ ಪಕ್ಕದ ತಗಡು ಬಿಚ್ಚಿದಾಗ ಕಾರಣ ಕಣ್ಣೆದುರಿಗೇ ಇತ್ತು. ನಮ್ಮ ಎರೆನೆಲದ ಧೂಳು ಪ್ರೊಸೆಸರಿನ ಫ್ಯಾನಿನ ಕೆಳಗೆ ಕಂಬಳಿಯಂತೆ ಕುಳಿತಿತ್ತು. ಹೊರಗೆ ಮೇ ತಿಂಗಳ 40 ಡಿಗ್ರಿ ದಾಟಿದ ಬಿಸಿಲು. ಒಳಗೆ ಹೊಸ ಕಾರ್ಡು ಹೊರಹಾಕುವ ಹೆಚ್ಚಿನ ಕಾವು. ಹಳೆಯ ಕಾರ್ಡು ಕಡಿಮೆ ವಿದ್ಯುತ್ ತಿನ್ನುತ್ತಿದ್ದುದರಿಂದ ಪ್ರೊಸೆಸರ್ ಹೇಗೋ ತಾಳಿಕೊಂಡಿತ್ತು. ಹೊಸದು ಬಂದ ಮೇಲೆ ಆಟ ಹಾಳಾದದ್ದು ನಿಜವೇ. ಆದರೆ ಕಾರ್ಡು ನಕಲಿಯಾದದ್ದರಿಂದಲ್ಲ.

ಬ್ರಶ್ಶಿನಿಂದ ಧೂಳು ತೆಗೆದು, ಪ್ರೊಸೆಸರಿನ ಮೇಲೆ ಒಣಗಿಹೋಗಿದ್ದ ಥರ್ಮಲ್ ಪೇಸ್ಟನ್ನು ಒರೆಸಿ ಹೊಸದನ್ನು ಹಚ್ಚಿದ. ಅಳತೆಯನ್ನು ಮೊದಲಿನಂತೆಯೇ ಇಟ್ಟು ಆಡಿದಾಗ ಕೊನೆಯ ಅಂಕಿ 61. ನಡುನಡುವೆ ಇನ್ನೂ ತಡವರಿಕೆ ಉಳಿದಿತ್ತು. 8 ಜಿಬಿಯ ಒಂದೇ ಮೆಮೊರಿ ಪಟ್ಟಿ ಆಟದ ಹೊತ್ತಿಗೆ ಪೂರ್ತಿ ತುಂಬಿಹೋಗುತ್ತಿತ್ತು. ಅದರ ಜೊತೆಗೆ ಅಂಥದೇ ಇನ್ನೊಂದು ಹಾಕಿದರೆ ಜಾಗವೂ ಹೆಚ್ಚುತ್ತದೆ, ಎರಡು ಹಾದಿಗಳಲ್ಲಿ ಒಮ್ಮೆಗೇ ಮಾಹಿತಿ ಹರಿಯುತ್ತದೆ. ಮುಂದಿನ ವಾರ ಹುಡುಗ ಅದನ್ನೂ ತಂದು ಹಾಕಿದ, ತಡವರಿಕೆ ನಿಂತಿತು. ಪ್ರೊಸೆಸರ್ ಹಳೆಯದೇ ಆದ್ದರಿಂದ ಕಾರ್ಡಿನ ಪೂರ್ಣ ಶಕ್ತಿ ಈಗಲೂ ಬಳಕೆಯಾಗುತ್ತಿಲ್ಲ. ಅದು ಮುಂದಿನ ತೊಗರಿಯ ಮಾತು.

ಮೆಮೊರಿ ಪಟ್ಟಿಯನ್ನು ತಂದದ್ದು ಅದೇ ಅಂಗಡಿಯಿಂದ, ತಂದೆಯೂ ಮಗನೂ ಕೂಡಿ ಹೋಗಿ. ಅಂಗಡಿಯವ ಇಬ್ಬರಿಗೂ ಚಹಾ ಕುಡಿಸಿ, ಕಾರ್ಡು ಹೇಗಿದೆಯೆಂದು ವಿಚಾರಿಸಿದನಂತೆ. "ಚಲೋ ಅದರಿ ಅಣ್ಣಾ" ಎಂದು ಹೇಳಿ ಬಂದೆನೆಂದು ಹುಡುಗ ತಲೆ ತಗ್ಗಿಸಿ ನಕ್ಕ.

ನಿಮ್ಮ ಮನೆಯ ಮಕ್ಕಳೂ ಇಂಥ ದೂರು ತಂದರೆ ಮೊದಲು ಒಂದು ನೋಟುಪುಸ್ತಕ ಕೊಡಿರಿ. ಬೇಸಿಗೆಗೆ ಮುನ್ನ ಪೆಟ್ಟಿಗೆಯ ಧೂಳನ್ನೊಮ್ಮೆ ತೆಗೆಸಿರಿ. ತೆಗೆಯುವಾಗ ವಿದ್ಯುತ್ ತಂತಿಯನ್ನು ಗೋಡೆಯಿಂದ ಕಿತ್ತಿಡಲು ಮರೆಯದಿರಿ.