ಗಿಡ್ಡ ಹೋರಿಗೆ ಎಡೆಯಿರಲಿ

ಹಸುವಿಗೆ ಯಾವ ಹೋರಿ ಎಂಬುದನ್ನು ಒಂದು ಕಾಲದಲ್ಲಿ ಮನೆಯ ಯಜಮಾನನೇ ನಿರ್ಧರಿಸುತ್ತಿದ್ದನು. ಕೇರಳದ 1961ರ ಜಾನುವಾರು ಅಭಿವೃದ್ಧಿ ಕಾಯಿದೆಯು ಪರವಾನಗಿಯಿಲ್ಲದ ಹೋರಿ ಸಾಕಣೆಯನ್ನು ನಿಷೇಧಿಸಿದಾಗ ಆ ಅಧಿಕಾರ ಸರಕಾರದ ಕೈಸೇರಿತು. 1963ರಲ್ಲಿ ಮಾಟ್ಟುಪೆಟ್ಟಿಯಲ್ಲಿ ಆರಂಭವಾದ ಇಂಡೋ-ಸ್ವಿಸ್ ಯೋಜನೆಯು ನಾಡಹಸುಗಳಿಗೆ ಬ್ರೌನ್ ಸ್ವಿಸ್ ತಳಿಯನ್ನು ಬೆರೆಸಿ ‘ಸುನಂದಿನಿ’ಗೆ ಬುನಾದಿ ಹಾಕಿತು. ಹಾಲು ಹೆಚ್ಚಿತೆಂಬುದು ನಿಜ. ಆದರೆ ಊರ ಹೋರಿಗಳು ಕಣ್ಮರೆಯಾದವು. ಗುಡ್ಡದಲ್ಲಿ ಮೇದು, ಅಲ್ಪ ಮೇವಿನಲ್ಲಿ ಬದುಕಿ, ಅಡಕೆ ತೋಟಕ್ಕೆ ಗೊಬ್ಬರವೀಯುವ ಕಾಸರಗೋಡು ಗಿಡ್ಡ ವಿರಳವಾಯಿತು. ಬದಿಯಡ್ಕದ ಬೇಳದಲ್ಲಿ ಈಗ ಅದರ ಸಂರಕ್ಷಣಾ ಕೇಂದ್ರವಿದೆ.

ಹಾಲು ಮಾರಿ ಬದುಕುವವರು ಮಿಶ್ರತಳಿ ಸಾಕಲಿ. ಎಲ್ಲ ಹಸುಗಳೂ ಬೆರಕೆಯಾದರೆ ನಾಳೆ ಬೆರೆಸಲು ಮೂಲವೇ ಉಳಿಯದು. ಹಟ್ಟಿಯಲ್ಲಿ ಇನ್ನೂ ಗಿಡ್ಡ ಹಸುವಿದ್ದವರು ಅದಕ್ಕೆ ಗಿಡ್ಡ ಹೋರಿಯನ್ನೇ ಆರಿಸುವುದು ಲೇಸು.