ಸೈರಂಧ್ರಿಯ ಕೂಲಿ

ಸೈರಂಧ್ರಿಯೆಂದರೆ ಪರರ ಮನೆಯಲ್ಲಿದ್ದರೂ ತನ್ನ ವಶದಲ್ಲಿಯೇ ಇರುವ ಶಿಲ್ಪಕಾರಿಣಿಯೆಂದು ಅಮರಕೋಶವು ಹೇಳುವುದು. ಅಂತಹ ಹೆಣ್ಣುಮಗಳೊಬ್ಬಳು ನಮ್ಮ ಬೀದಿಯ ಬಾಡಿಗೆಯ ಕೋಣೆಯೊಂದರಲ್ಲಿ ಬ್ಯೂಟಿ ಪಾರ್ಲರನ್ನು ನಡೆಸುತ್ತಿರುವಳು. ಆಕೆಯು ಫೇಷಿಯಲ್ ದರವನ್ನು 500 ರೂಪಾಯಿಗಳಿಂದ 600ಕ್ಕೆ ಏರಿಸಲು ನೆರೆಯ ಗೃಹಿಣಿಯರು ಮುನಿದರು. ವರ್ಷದ ವಹಿವಾಟು 20 ಲಕ್ಷ ರೂಪಾಯಿಗಳನ್ನು ಮೀರದ ಇಂತಹವರು ಸಾಮಾನ್ಯವಾಗಿ ಜಿ.ಎಸ್.ಟಿ. ನೋಂದಣಿಯನ್ನು ಮಾಡಿಸಬೇಕಾಗಿಲ್ಲ, ನಿಜ. ಆದರೆ ಕೊಂಡ ಲೇಪಗಳಿಗೆ ತೆತ್ತ ತೆರಿಗೆಯು ಅವರಿಗೆ ಹಿಂದಿರುಗುವುದೂ ಇಲ್ಲ. ಬಾಡಿಗೆ, ವಿದ್ಯುತ್ತು ಬೇರೆ. ಗಂಟೆಗಟ್ಟಲೆ ನಿಂತು ದುಡಿದವಳಿಗೆ ಉಳಿದುದೇನೆಂದು ಕೇಳುವವರಾರು? ಅಗ್ಗದ ಲೇಪವನ್ನು ಬಳಸೆಂಬ ಉಪದೇಶವೂ ಬಂದಿತು. ಅದು ಮುಖಕ್ಕೆ ಹಚ್ಚುವ ಪದಾರ್ಥವೆಂಬುದನ್ನು ಉಪದೇಶಕರು ಮರೆತರು! ನಮ್ಮ ಪಿಂಚಣಿಗೆ ತುಟ್ಟಿಭತ್ಯೆಯು ಕೂಡಿದಾಗ ಬೀದಿಯಲ್ಲಿ ಯಾರೂ ಮುನಿಯಲಿಲ್ಲವಷ್ಟೆ. ಆಕೆಯು ದರವನ್ನು ಇಳಿಸಲಿಲ್ಲ. ಇಬ್ಬರು ಗಿರಾಕಿಗಳು ಬಿಟ್ಟರಂತೆ. ನಮ್ಮ ಮನೆಯವರು ಶುಕ್ರವಾರ 600 ರೂಪಾಯಿಗಳನ್ನು ಕೊಟ್ಟು ಬಂದರು.