ಸೈಕಲ್ಲಿಗೂ ಒಂದು ಕೆಂಪು ದೀಪ!

ಹಾಲೆಂಡ್ ಅಂದ ಕೂಡಲೇ ನಿಮಗೆ ಏನು ನೆನಪಾಗುತ್ತದೆ? ಟ್ಯೂಲಿಪ್ ಹೂವಿನ ತೋಟ, ಗಾಳಿಗಿರಣಿ, ಚೀಸು - ಅಲ್ಲವೇ? ನನಗೂ ಅಷ್ಟೇ ಗೊತ್ತಿತ್ತು. 2023ರ ಬೇಸಿಗೆಯಲ್ಲಿ ತಂಗಿಯ ಬಾಣಂತನಕ್ಕೆಂದು ಅಲ್ಲಿನ ಯೂಟ್ರೆಕ್ಟ್ ಎಂಬ ಊರಿಗೆ ಹೋಗಿ ಎರಡೂವರೆ ತಿಂಗಳು ಇದ್ದು ಬಂದೆ. ಈಗ ಹಾಲೆಂಡ್ ಅಂದರೆ ನನ್ನ ಕಣ್ಣ ಮುಂದೆ ಬರುವುದು ಸೈಕಲ್ಲು. ಸೈಕಲ್ಲೂ, ಅದಕ್ಕೆಂದೇ ಇಟ್ಟಿರುವ ಪುಟ್ಟ ಕೆಂಪು ದೀಪವೂ!

"ಅಯ್ಯೋ, ಸೈಕಲ್ಲಿಗೇನ್ರೀ ಸಿಗ್ನಲ್ಲು?" ಅಂತ ನೀವು ನಗಬಹುದು. ನಮ್ಮ ಊರುಗಳಲ್ಲಿ ಹಾಲಿನವನಾಗಲಿ, ಪೇಪರ್ ಹುಡುಗನಾಗಲಿ, ಟ್ಯೂಷನ್ನಿಗೆ ಓಡುವ ಮಕ್ಕಳಾಗಲಿ ಕೆಂಪು ದೀಪಕ್ಕೆ ನಿಲ್ಲುವುದು ಅಪರೂಪ. ನಮ್ಮ ಮನೆಯಲ್ಲೂ ಈ ವಾದ ಇದ್ದದ್ದೇ. ಒಂಬತ್ತನೇ ತರಗತಿಯ ಮಗ ಸೈಕಲ್ಲಿನಲ್ಲಿ ಶಾಲೆಗೆ ಹೋಗುವವನು. ದಾರಿಯಲ್ಲಿ ದೊಡ್ಡ ಸರ್ಕಲ್. "ಅಮ್ಮಾ, ಹಸಿರು ಬರೋ ತನಕ ನಿಂತ್ರೆ ಹಿಂದಿನ ಬಸ್ಸು, ಬೈಕು ಎಲ್ಲಾ ಒಟ್ಟಿಗೆ ಮೈಮೇಲೆ ಬರ್ತಾವೆ. ಅದಕ್ಕೇ ಮೊದಲೇ ದಾಟಿಬಿಡ್ತೀನಿ" ಅನ್ನುತ್ತಾನೆ. ಅವನ ಮಾತಿನಲ್ಲಿ ಸುಳ್ಳಿಲ್ಲ. ಹಾಗಂತ ಕೆಂಪಿನಲ್ಲೇ ನುಗ್ಗಪ್ಪಾ ಅಂತ ಯಾವ ತಾಯಿ ಹೇಳಿಯಾಳು? ಈ ಚಿಂತೆ ತಲೆಯಲ್ಲಿದ್ದುದಕ್ಕೇ ಏನೋ, ಅಲ್ಲಿನ ಅರಮನೆ, ಮ್ಯೂಸಿಯಂಗಳಿಗಿಂತ ಹೆಚ್ಚಾಗಿ ನಾನು ರಸ್ತೆಗಳನ್ನೇ ನೋಡಿದೆ!

ಯೂಟ್ರೆಕ್ಟ್ ಕಾಲುವೆಗಳ ಊರು. ಆಮ್‌ಸ್ಟರ್‌ಡಾಮಿನಿಂದ ರೈಲಿನಲ್ಲಿ ಅರ್ಧ ಗಂಟೆ. ಸ್ಟೇಷನ್ನಿನ ಅಡಿಯಲ್ಲೇ ಮೂರು ಅಂತಸ್ತಿನ ಸೈಕಲ್ ನಿಲ್ದಾಣವಿದೆ. 2019ರಲ್ಲಿ ಪೂರ್ಣವಾದ ಇದರಲ್ಲಿ 12,500 ಸೈಕಲ್ ಹಿಡಿಸುತ್ತವೆ! ಆ ದೇಶದಲ್ಲಿ ಜನರಿಗಿಂತ ಸೈಕಲ್ಲೇ ಹೆಚ್ಚು. ಅಜ್ಜಿಯರು, ಆಫೀಸಿನ ಸಾಹೇಬರು, ಮುಂದಿನ ಮರದ ಪೆಟ್ಟಿಗೆಯಲ್ಲಿ ಎರಡು ಮಕ್ಕಳನ್ನು ಕೂರಿಸಿಕೊಂಡ ತಾಯಂದಿರು - ಎಲ್ಲರೂ ಸೈಕಲ್ಲಿನ ಮೇಲೆ. ಅಲ್ಲಿ ಪ್ರಧಾನಿಯಾಗಿದ್ದ ಮಾರ್ಕ್ ರುಟ್ಟೆಯವರೂ ಸೈಕಲ್ ತುಳಿದುಕೊಂಡು ಕಚೇರಿಗೆ ಹೋಗುತ್ತಿದ್ದವರೇ.

ಇನ್ನು ದೀಪದ ಕಥೆ ಕೇಳಿ. ದೊಡ್ಡ ರಸ್ತೆಗಳ ಪಕ್ಕದಲ್ಲಿ ಕೆಂಪು ಬಣ್ಣದ ಬೇರೆಯದೇ ಸೈಕಲ್ ಹಾದಿ. ಕೂಡುರಸ್ತೆ ಬಂದಾಗ ಕಾರುಗಳಿಗೆ ಒಂದು ದೀಪವಾದರೆ, ಸೈಕಲ್ಲಿಗೆ ಬೇರೊಂದು ದೀಪ. ಅದರಲ್ಲಿ ಪುಟ್ಟ ಸೈಕಲ್ಲಿನ ಚಿತ್ರ. ಕಂಬದಲ್ಲಿ ಒಂದು ಗುಂಡಿ ಇರುತ್ತದೆ. ಅದನ್ನು ಒತ್ತಿದರೆ 'ಇಲ್ಲೊಬ್ಬರು ಕಾಯುತ್ತಿದ್ದಾರೆ' ಎಂದು ದೀಪಕ್ಕೆ ತಿಳಿಯುತ್ತದೆ. ಕೆಲವು ಕಡೆ ದೀಪದ ಬಳಿ ಬಿಳಿ ಚುಕ್ಕಿಗಳ ಒಂದು ಬಳೆ ಇದೆ. ಚುಕ್ಕಿಗಳು ಒಂದೊಂದಾಗಿ ಆರುತ್ತಾ ಬಂದು, ಎಲ್ಲಾ ಮುಗಿದಾಗ ಹಸಿರು! ಇನ್ನೆಷ್ಟು ಹೊತ್ತು ಅಂತ ಗೊತ್ತಾದರೆ ಕಾಯುವುದು ಕಷ್ಟವಲ್ಲ ನೋಡಿ. ಕುಕ್ಕರಿನ ಸೀಟಿ ಎಣಿಸುವ ನಮಗೆ ಇದನ್ನು ಬಿಡಿಸಿ ಹೇಳಬೇಕೇ?

ಖ್ರೋನಿಂಗೆನ್ ಎಂಬ ಊರಿನಲ್ಲಂತೂ ಕೆಲವು ಕೂಡುರಸ್ತೆಗಳಲ್ಲಿ ಕಾರುಗಳನ್ನೆಲ್ಲಾ ನಿಲ್ಲಿಸಿ, ನಾಲ್ಕೂ ದಿಕ್ಕಿನ ಸೈಕಲ್ಲುಗಳಿಗೆ ಒಟ್ಟಿಗೆ ಹಸಿರು ಕೊಡುತ್ತಾರೆ. ಮಳೆ ಬಂದರೆ ಅದನ್ನು ಗುರುತಿಸಿ ಸೈಕಲ್ಲಿಗೆ ಬೇಗ ದಾರಿ ಬಿಡುವ ದೀಪವೂ ಅಲ್ಲಿದೆಯಂತೆ. ಕಾರಿನೊಳಗೆ ಕೂತವರು ನೆನೆಯುವುದಿಲ್ಲ, ಸೈಕಲ್ಲಿನವರು ನೆನೆಯುತ್ತಾರೆ. ಎಷ್ಟು ಸರಳವಾದ ನ್ಯಾಯ!

ಹಾಗಾದರೆ ಅಲ್ಲಿ ಎಲ್ಲರೂ ದೀಪಕ್ಕೆ ನಿಲ್ಲುತ್ತಾರೆಯೇ? ಇಲ್ಲ, ಕಾಲೇಜು ಹುಡುಗರು ಅತ್ತಿತ್ತ ನೋಡಿ ನುಸುಳುವುದನ್ನು ನಾನೇ ಕಂಡಿದ್ದೇನೆ. ಪೋಲೀಸರು ಹಿಡಿದರೆ ಸೈಕಲ್ಲಿಗೂ ದಂಡ ಉಂಟು. ಆದರೆ ಅಲ್ಲಿನ ಕಾನೂನು ಒಂದು ಜಾಣತನ ಮಾಡಿದೆ. ಅವರದು ಬಲಗಡೆ ಓಡಿಸುವ ದೇಶ. ಆದ್ದರಿಂದ ಬಲಕ್ಕೆ ತಿರುಗುವುದು, ನಮ್ಮಲ್ಲಿ ಎಡಕ್ಕೆ ತಿರುಗಿದಷ್ಟು ಸುಲಭ. ಅಂಥ ಕೆಲವು ಕಡೆ 'ಬಲಕ್ಕೆ ತಿರುಗುವ ಸೈಕಲ್ಲುಗಳು ಹೋಗಬಹುದು' ಎಂಬ ಫಲಕ ಹಾಕಿದ್ದಾರೆ. ಕೆಂಪು ಇದ್ದರೂ ಹೋಗಬಹುದು; ಆದರೆ ನಡೆದು ದಾಟುವವರಿಗೆ ಮೊದಲು ದಾರಿ ಬಿಡಬೇಕು. ಪ್ಯಾರಿಸ್ಸಿನಲ್ಲೂ 2012ರಲ್ಲಿ ಪ್ರಯೋಗ ಮಾಡಿ, 2015ರಲ್ಲಿ ಇಂಥ ಫಲಕಗಳನ್ನು ಹೆಚ್ಚಿಸಿದರು. ಅಮೆರಿಕದ ಐಡಾಹೊ ರಾಜ್ಯದ ಕಾನೂನು ಇನ್ನೂ ಒಂದು ಹೆಜ್ಜೆ ಮುಂದೆ. ಅಲ್ಲಿ ಸೈಕಲ್ಲಿನವರು ಕೆಂಪು ದೀಪದಲ್ಲಿ ಪೂರ್ತಿ ನಿಂತು, ಅತ್ತಿತ್ತ ನೋಡಿ, ಯಾರೂ ಇಲ್ಲದಿದ್ದರೆ ಮುಂದೆ ಹೋಗಬಹುದು.

ಇದರಲ್ಲಿ ತರ್ಕ ಇಲ್ಲದಿಲ್ಲ. ಸೈಕಲ್ಲು ಹಗುರ, ಅದರ ವೇಗ ಕಡಿಮೆ, ನಿಲ್ಲಿಸಿ ಮತ್ತೆ ತುಳಿಯಲು ಕಾಲಿನ ಶಕ್ತಿಯೇ ಬೇಕು. ಆದರೂ ಸೂಕ್ಷ್ಮ ಗಮನಿಸಿ. ಎಲ್ಲಿ ಹೋಗಬಹುದು ಅನ್ನುವುದನ್ನು ಕಾನೂನು ಹೇಳಿದೆ, ಸವಾರ ತಾನೇ ತೀರ್ಮಾನಿಸುವುದಲ್ಲ. ಕಾರಿನವನಿಗೂ, ರಸ್ತೆ ದಾಟುವ ಮುದುಕರಿಗೂ ಸೈಕಲ್ಲು ಏನು ಮಾಡೀತು ಅನ್ನುವುದು ಮೊದಲೇ ಗೊತ್ತಿರುತ್ತದೆ. ದೀಪದ ಬೆಲೆ ಇರುವುದು ಅಲ್ಲೇ. ಎಲ್ಲಿಂದಲೋ ತಟ್ಟನೆ ಸೈಕಲ್ಲು ನುಗ್ಗಿದರೆ ಬಸ್ಸಿನ ಡ್ರೈವರ್ ಎಷ್ಟು ಒಳ್ಳೆಯವನಾದರೂ ಬ್ರೇಕು ಅವನ ಮಾತು ಕೇಳಬೇಕಲ್ಲ!

ಇದೆಲ್ಲ ಆ ದೇಶಕ್ಕೆ ಆಕಾಶದಿಂದ ಇಳಿದು ಬಂದದ್ದಲ್ಲ ಸೋದರಿಯರೇ. 1950, 60ರ ದಶಕಗಳಲ್ಲಿ ಅಲ್ಲೂ ಕಾರುಗಳು ತುಂಬಿ, ಸೈಕಲ್ಲು ಮೂಲೆ ಸೇರಿತ್ತು. 1971ರ ಒಂದೇ ವರ್ಷದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನ ರಸ್ತೆಯಲ್ಲಿ ಸತ್ತರು. ಅವರಲ್ಲಿ ನಾನೂರಕ್ಕೂ ಹೆಚ್ಚು ಮಂದಿ ಮಕ್ಕಳು. ಮಗಳನ್ನು ಕಳೆದುಕೊಂಡ ಪತ್ರಕರ್ತ ವಿಕ್ ಲಾಂಗೆನ್‌ಹಾಫ್ 1972ರಲ್ಲಿ ಬರೆದ ಲೇಖನದ ಶೀರ್ಷಿಕೆಯೇ ಚಳವಳಿಯ ಹೆಸರಾಯಿತು: 'ಮಕ್ಕಳ ಕೊಲೆ ನಿಲ್ಲಿಸಿ'. ಅದರ ಮೊದಲ ಅಧ್ಯಕ್ಷೆ ಮಾರ್ಟ್ಯೆ ಫಾನ್ ಪುಟೆನ್ ಆಗಿನ್ನೂ ಒಬ್ಬ ಎಳೆಯ ತಾಯಿ. ಅಪ್ಪ ಅಮ್ಮಂದಿರು ಮಕ್ಕಳನ್ನು ಕರೆದುಕೊಂಡು ಬೀದಿಗಿಳಿದರು. ಸೈಕಲ್ ಹಾದಿಗಳೂ ದೀಪಗಳೂ ಬೆಳೆದು ಬಂದದ್ದರಲ್ಲಿ ಅವರ ಹಟಕ್ಕೆ ದೊಡ್ಡ ಪಾಲಿದೆ. ಮಕ್ಕಳಿಗೂ ಅಷ್ಟೇ ಶಿಸ್ತು. ಪ್ರಾಥಮಿಕ ಶಾಲೆ ಮುಗಿಸುವ ಹೊತ್ತಿಗೆ ಸಂಚಾರ ನಿಯಮಗಳ ಲಿಖಿತ ಪರೀಕ್ಷೆ, ಬೀದಿಯಲ್ಲಿ ಸೈಕಲ್ ಓಡಿಸಿ ತೋರಿಸುವ ಪರೀಕ್ಷೆ!

ಈಗ ನಮ್ಮ ಮಾತಿಗೆ ಬರೋಣ. 2006-07ರಿಂದ ಹಲವು ವರ್ಷ ನಮ್ಮ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಟ್ಟಿತು. ಎಷ್ಟೋ ಹೆಣ್ಣುಮಕ್ಕಳು ಅದರಿಂದಲೇ ಹೈಸ್ಕೂಲು ಮುಗಿಸಿದರು. ಸೈಕಲ್ಲು ಬಂತು, ಅದಕ್ಕೆ ರಸ್ತೆಯಲ್ಲಿ ಜಾಗ ಬರಲಿಲ್ಲ. ಸೈಕಲ್ಲಿನವರು ದೀಪಕ್ಕೆ ನಿಲ್ಲಬೇಕೇ ಅಂದರೆ ನನ್ನ ಉತ್ತರ 'ನಿಲ್ಲಲೇಬೇಕು'. ಆದರೆ ನಿಂತ ಮಗುವಿಗೆ ದೀಪವೂ ಮರ್ಯಾದೆ ಕೊಡಬೇಕು. ಬರೀ ಮಕ್ಕಳನ್ನು ಗದರಿಸಿ ಕೂತರೆ ಅರ್ಧ ಕೆಲಸವೇ ಆದೀತು.

ಮನೆಯಲ್ಲಿ ಹೀಗೆ ಹೇಳಿಕೊಡಿ. ಕೆಂಪು ಇದ್ದಾಗ ನಿಲ್ಲಲಿ. ಆದರೆ ಬಸ್ಸು, ಲಾರಿಯ ಪಕ್ಕಕ್ಕೆ ನುಸುಳಿ ನಿಲ್ಲುವುದು ಬೇಡ, ಡ್ರೈವರಿಗೆ ಕಾಣುವ ಹಾಗೆ ನಿಲ್ಲಲಿ. ಸರ್ಕಲ್ಲಿನಲ್ಲಿ ಬಲಕ್ಕೆ ತಿರುಗಲು ಭಯವಾದರೆ ಇಳಿದು, ಜನ ದಾಟುವ ಪಟ್ಟಿಯಲ್ಲಿ ಸೈಕಲ್ ತಳ್ಳಿಕೊಂಡು ಹೋಗಲಿ, ಅದರಲ್ಲಿ ಅವಮಾನವೇನೂ ಇಲ್ಲ. ಸಂಜೆಗೆ ಹಿಂದುಗಡೆ ಒಂದು ಕೆಂಪು ದೀಪ ಇರಲಿ.

ಇನ್ನರ್ಧ ಕೆಲಸ ನಮ್ಮದು. ಶಾಲೆಯ ಪಾಲಕರ ಸಭೆಯಲ್ಲಿ ಬರೀ ಅಂಕಗಳ ಮಾತು ಬೇಡ. ನಾಲ್ಕು ಜನ ತಾಯಂದಿರು ಸೇರಿ ನಗರಸಭೆಗೊಂದು ಅರ್ಜಿ ಬರೆಯಿರಿ. ಶಾಲೆಯ ಹತ್ತಿರದ ಸರ್ಕಲ್ಲಿನಲ್ಲಿ ಸೈಕಲ್ಲುಗಳು ಎಲ್ಲರಿಗಿಂತ ಮುಂದೆ ನಿಲ್ಲುವ ಹಾಗೆ ಒಂದು ಗೆರೆ ಎಳೆಸಿ ಅಂತ ಕೇಳಿ. ಒಂದು ಡಬ್ಬ ಬಣ್ಣದ ಖರ್ಚು ಅಷ್ಟೇ! ನಮ್ಮೂರಿನಲ್ಲಿ ನಾವು ಆರು ಜನ ಸಹಿ ಹಾಕಿ ಕೊಟ್ಟಿದ್ದೇವೆ, ಉತ್ತರಕ್ಕೆ ಕಾಯುತ್ತಿದ್ದೇವೆ. ನಿಮ್ಮೂರಿನಲ್ಲಿ ಯಾವಾಗ ಕೊಡುತ್ತೀರಿ?